ಕೊರಿಯಾದ ಶಾಲೆಯಲ್ಲಿ ಬೀಳ್ಕೊಡುಗೆ ಊಟ: ಹೋಟೆಲ್ ಹಂದಿಮಾಂಸದ್ದು, ನಾನು ಸಸ್ಯಾಹಾರಿ. ಏನು ಮಾಡಲಿ?

ತುಂಗಾತೀರದ ಟೀಚರ್ · ಫೆಬ್ರವರಿ 3, 2025

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಎರಡು ವರ್ಷದಿಂದ ದಕ್ಷಿಣ ಕೊರಿಯಾದ ಸುನ್‌ಚನ್ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಭಾರತದವರಿಗೂ ಈ ಕೆಲಸ ಸಿಗುತ್ತದಾ ಅಂತ ಇಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಸಿಗುತ್ತದೆ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇದೆ. ಇಂಗ್ಲಿಷ್ ಓದಿರಬೇಕು, ಟೀಚರ್ ಅರ್ಹತೆ ಇರಬೇಕು.

ಈ ತಿಂಗಳ ಕೊನೆಗೆ ಊರಿಗೆ ವಾಪಸ್. ನಮ್ಮ ಪಿ.ಟಿ. ಮೇಷ್ಟ್ರು ಕಕಾವೊಟಾಕ್ ಗುಂಪಿನಲ್ಲಿ ಸಂದೇಶ ಹಾಕಿದ್ದಾರೆ: 14ನೇ ತಾರೀಕು ಸಂಜೆ ಸೊಂಗ್‌ಬ್ಯಲ್‌ಹ್ವೇ, ಅಂದರೆ ಬೀಳ್ಕೊಡುಗೆ ಕೂಟ. ಜಾಗ ಸಮ್‌ಗ್ಯೊಪ್ಸಲ್ ಹೋಟೆಲ್. ಮೇಜಿನ ಮಧ್ಯೆ ಕೆಂಡ, ಅದರ ಮೇಲೆ ಹಂದಿಯ ಹೊಟ್ಟೆ ಭಾಗದ ಮಾಂಸ, ಕೈಯಲ್ಲಿ ಇಕ್ಕಳ, ಕತ್ತರಿ. ಗೊತ್ತಿರುವವರಿಗೆ ಗೊತ್ತು.

ನಾನು ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ಕುಡಿಯುವುದೂ ಇಲ್ಲ. ಎರಡು ವರ್ಷ ಇಂಥ ಕೂಟಗಳಲ್ಲಿ ಅನ್ನ, ಸೊಪ್ಪು, ಸೈದಾ ಅನ್ನುವ ಸೋಡಾ ಹಿಡಿದು ಮೂಲೆಯಲ್ಲಿ ಕೂತು ಕಾಲ ಹಾಕಿದ್ದೇನೆ. ಆಗ ಪರವಾಗಿರಲಿಲ್ಲ. ಈಗ ಬೀಳ್ಕೊಡುಗೆ ನನಗೇ. ನನಗೋಸ್ಕರ ಹಾಕಿದ ಊಟವನ್ನೇ ಮುಟ್ಟದೆ ಕೂತರೆ ಹೇಗೆ? ಜಾಗ ಬದಲಿಸಿ ಅನ್ನಲಾ? ಅಥವಾ ಸುಮ್ನೆ ಹೋಗಿಬಿಡಲಾ? ಇನ್ನೊಂದು, ಅವರಿಗೆ ಏನಾದರೂ ಮಾಡಿ ಬಡಿಸಬೇಕು ಅನ್ನುವ ಆಸೆ. ಕರಿಬೇವು ಇಲ್ಲ, ಕಾಯಿ ಇಲ್ಲ.

ಸುವೊನ್ ಸುಬ್ಬಿ

ಟೀಚರ್, ಬೇಜಾರು ಮಾಡಿಕೊಳ್ಳಬೇಡಿ. ಆ ಊಟ ನಿಮ್ಮೊಬ್ಬರಿಗೇ ಅಲ್ಲ, ಖಂಡಿತ.

ಕೊರಿಯಾದಲ್ಲಿ ಶಾಲೆ ಶುರುವಾಗುವುದು ಮಾರ್ಚ್‌ನಲ್ಲಿ. ಸರ್ಕಾರಿ ಶಾಲೆಯ ಟೀಚರ್‌ಗಳಿಗೆ ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಹೊಸ ಶಾಲೆಗೆ ಹಾಜರಾಗುವುದು ಮಾರ್ಚ್ 1ಕ್ಕೆ. ಹಾಗಾಗಿ ಫೆಬ್ರವರಿ ಬಂತೆಂದರೆ ದೇಶದ ಎಲ್ಲಾ ಸ್ಟಾಫ್ ರೂಮಿನಲ್ಲೂ ಇದೇ ಕಥೆ. ನಿಮ್ಮ ಶಾಲೆಯಿಂದಲೂ ಮೂರು ನಾಲ್ಕು ಜನ ಹೋಗುತ್ತಿರುತ್ತಾರೆ. ಪಟ್ಟಿ ನೋಡಿ.

ದುಡ್ಡಿನ ವಿಷಯಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಚಿನ್‌ಮೊಕ್‌ಹ್ವೇ ಅಂತ ಇರುತ್ತದಲ್ಲ, ಸ್ಟಾಫಿನ ಸ್ನೇಹ ಸಂಘ, ತಿಂಗಳು ತಿಂಗಳು ವಂತಿಗೆ ಹಿಡಿಯುತ್ತಾರೆ. ಊಟ, ಮದುವೆ, ಸಾವು, ವರ್ಗ, ಎಲ್ಲಕ್ಕೂ ಅದೇ ಗಂಟು. ನೀವೂ ಎರಡು ವರ್ಷ ಕಟ್ಟಿದ್ದರೆ ನಿಮ್ಮ ಊಟಕ್ಕೆ ನೀವೇ ಹಣ ಕೊಟ್ಟ ಹಾಗೆ.

ತುಂಗಾತೀರದ ಟೀಚರ್

ಅಯ್ಯೋ! ಈಗ ಗುಂಪಿನ ಸಂದೇಶ ಮತ್ತೆ ತೆಗೆದು ಪಾಪಾಗೋ ಅನ್ನುವ ಅನುವಾದದ ಆ್ಯಪ್‌ನಲ್ಲಿ ಹಾಕಿ ಓದಿದೆ. ಐದು ಹೆಸರು ಇವೆ. ನನ್ನದು ಕೊನೆಯದು. ಗಣಿತದ ಮೇಡಂ ಕೂಡ ಹೋಗುತ್ತಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟಿದ್ದು ದಂಡ. ಸ್ವಲ್ಪ ಬೇಜಾರೂ ಆಯ್ತು, ನಿಜ ಹೇಳಬೇಕೆಂದರೆ.

ಮಡಿಕೇರಿ ಮೊಣ್ಣಪ್ಪ

ನಿಮ್ಮ ಪಾಲನ್ನು ಇಲ್ಲಿಗೆ ಪಾರ್ಸಲ್ ಮಾಡಿ ಟೀಚರ್! ತಮಾಷೆ ಮಾಡಿದೆ.

ನಾನು ಉಲ್ಸಾನ್‌ನಲ್ಲಿ ಮೂರು ವರ್ಷ ಇದ್ದೆ, ಒಂದು ಕಾಲೇಜಿನಲ್ಲಿ ಪಾಠ ಮಾಡಿಕೊಂಡು. ಪಂದಿಕರಿ ತಿಂದು ಬೆಳೆದವನಿಗೆ ಸಮ್‌ಗ್ಯೊಪ್ಸಲ್ ಅಂದರೆ ಮಾವನ ಮನೆ. ಹೊರಡುವ ದಿನ ಊರಿಂದ ತಂದಿದ್ದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಾಟಲಿ ಹೋಟೆಲ್ಲಿಗೇ ಒಯ್ದೆ. ಉಪ್ಪು, ಎಳ್ಳೆಣ್ಣೆ ಬೆರೆಸಿ ಕೊಡುತ್ತಾರಲ್ಲ ಅದ್ದಿಕೊಳ್ಳಲು, ಅದರಲ್ಲಿ ಎರಡೇ ಹನಿ ಬಿಟ್ಟೆ. ಡಿಪಾರ್ಟ್‌ಮೆಂಟಿನ ಹಿರಿಯರು ನಾಲಿಗೆಗೆ ಹಚ್ಚಿ ನೋಡಿದರು, ಏನೂ ಮಾತಾಡಲಿಲ್ಲ. ಬಾಟಲಿ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಅದು ನನಗೆ ವಾಪಸ್ ಸಿಗಲಿಲ್ಲ.

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ, ಒಪ್ಪುತ್ತೇನೆ. ಕಿಮ್ಚಿಯಲ್ಲೂ (ಹುದುಗಿಸಿದ ಕೋಸಿನ ಉಪ್ಪಿನಕಾಯಿ) ಸಿಗಡಿ.

ಹಾಗ್ವಾನ್ ಸಂತ್ರಸ್ತ

ನಿಮಗೆಲ್ಲ ಊಟವಾದರೂ ಸಿಗುತ್ತದೆ. ನನ್ನದು ಕೆನಡಾ ಪಾಸ್‌ಪೋರ್ಟ್, ಖಾಸಗಿ ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಪಾಠ. ಕೊನೆಯ ದಿನ ರಾತ್ರಿ ಒಂಬತ್ತೂವರೆವರೆಗೆ ಕ್ಲಾಸ್ ತೆಗೆದುಕೊಂಡೆ. ಒಡೆಯರು ತಣ್ಣಗಿನ ಪಿಜ್ಜಾ ತಂದಿಟ್ಟು, ಫೋಟೋ ತೆಗೆದು, ಸೆಂಟರಿನ ಜಾಹೀರಾತಿಗೆ ಹಾಕಿದರು. ಒಂದು ವರ್ಷ ತುಂಬಿದವರಿಗೆ ವರ್ಷಕ್ಕೆ 30 ದಿನದ ಸಂಬಳದಷ್ಟು ತ್ವೇಜಿಕ್‌ಗಮ್ (ಕೆಲಸ ಬಿಡುವಾಗಿನ ಇಡುಗಂಟು) ಕೊಡಲೇಬೇಕು, ಕೆಲಸ ಬಿಟ್ಟ 14 ದಿನದೊಳಗೆ. ಅದಕ್ಕೆ ನಾನು ಎರಡು ತಿಂಗಳು ಅಲೆದೆ.

ಸರ್ಕಾರಿ ಶಾಲೆಯವರು ಪುಣ್ಯವಂತರು. ಹಂದಿನೋ ಹುಲ್ಲೋ, ಹೋಗಿ ಕೂತುಕೊಳ್ಳಿ.

ಧಾರವಾಡ ಪೇಡೆ

ಟೀಚರ್, ನಾ ಸ್ವಲ್ಪ ಖಡಕ್ ಆಗಿ ಹೇಳತೇನ್ರೀ, ಸಿಟ್ಟಾಗಬ್ಯಾಡ್ರಿ. ಐದು ಜನರ ಬೀಳ್ಕೊಡುಗೆ. ಮೂವತ್ತು ಜನ ಬರುತ್ತಾರೆ. ಒಬ್ಬರಿಗೋಸ್ಕರ ಜಾಗ ಬದಲಿಸಿ ಅಂದರೆ ಚಂದ ಅಲ್ಲ. ನೀವು ಮೊದಲು ಮನೆಯಲ್ಲಿ ಉಂಡು ಹೋಗಿ. ಅಲ್ಲಿ ಲೆಟಿಸ್ ಎಲೆ, ಸೌತೆಕಾಯಿ, ಅನ್ನ ಇರುತ್ತದೆ. ಎರಡು ತಾಸು ನಗುತ್ತ ಕೂತರೆ ಮುಗಿಯಿತು. ನಮ್ಮೂರ ಮದುವೆಯಲ್ಲಿ ಬೆಳ್ಳುಳ್ಳಿ ತಿನ್ನದವರು ಹಾಗೇ ಮಾಡುವುದಿಲ್ಲವೇ?

ಸುವೊನ್ ಸುಬ್ಬಿ

ಪೇಡೆಯವರೇ, ಅಲ್ಲೇ ತಪ್ಪು. ಉಂಡು ಹೋಗಿ ಸುಮ್ನೆ ಕೂತರೆ ಅವರಿಗೆ ಅದು ಜಾಸ್ತಿ ಕಾಣುತ್ತದೆ. ಕೊರಿಯಾದವರು ಪಕ್ಕದವರ ತಟ್ಟೆ ನೋಡುತ್ತಲೇ ಇರುತ್ತಾರೆ. ನಿಮ್ಮ ಎದುರು ಖಾಲಿ ಇದ್ದರೆ ಅವರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಅಜ್ಜಿಯರ ಥರ. ‘ಬಪ್ ಮೊಗೊಸ್ಸೊಯೊ’ ಅಂತ ಎದುರಾದಾಗ ಕೇಳುತ್ತಾರಲ್ಲ, ಅದು ನಮ್ಮ ‘ಊಟ ಆಯ್ತಾ’ನೇ. ಉತ್ತರ ಬೇಕಂತ ಕೇಳುವುದಲ್ಲ, ಆದರೂ ‘ಇಲ್ಲ’ ಅಂದು ನೋಡಿ!

ಮೊದಲೇ ಹೇಳುವುದು ಒಳ್ಳೆಯದು. ಆದರೆ ಎಲ್ಲರ ಗುಂಪಿನಲ್ಲಿ ಅಲ್ಲ. ಪಿ.ಟಿ. ಮೇಷ್ಟ್ರಿಗೂ ಅಲ್ಲ, ಅವರು ಹೋಟೆಲ್ ಬುಕ್ ಮಾಡಿಯಾಗಿದೆ, ಮರ್ಯಾದೆ ಹೋಗುತ್ತದೆ. ನಿಮ್ಮ ಜೊತೆ ಕ್ಲಾಸ್ ತೆಗೆದುಕೊಳ್ಳುವ ಇಂಗ್ಲಿಷ್ ಮೇಡಂಗೆ ಹೇಳಿ. ಅವರು ಉಪ ಮುಖ್ಯೋಪಾಧ್ಯಾಯರ ಕಿವಿಗೆ ಹಾಕುತ್ತಾರೆ.

ಬಸವನಗುಡಿ ಭಟ್ಟ

ಸುನ್‌ಚನ್ ಅಂದಿರಾ? ಹಾಗಾದರೆ ಸೊನಾಮ್ಸಾ, ಸೊಂಗ್‌ಗ್ವಾಂಗ್ಸಾ ಎರಡೂ ಬೌದ್ಧ ದೇವಾಲಯ ನಿಮ್ಮ ಪಕ್ಕದಲ್ಲೇ ಇವೆ. ಸೊನಾಮ್ಸಾ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಏಳು ಬೆಟ್ಟದ ದೇವಾಲಯಗಳಲ್ಲಿ ಒಂದು. ಇಂಥ ದೇವಾಲಯಗಳ ಬುಡದಲ್ಲಿ ಕಾಡುಸೊಪ್ಪಿನ ಬಿಬಿಂಬಾಪ್ (ಪಲ್ಯ ಹಾಕಿ ಕಲಸುವ ಅನ್ನ) ಮಾರುವ ಹೋಟೆಲ್ ಸಾಲೇ ಇರುತ್ತದೆ. ನಾನು ಎರಡು ದೇವಾಲಯದ ಮಧ್ಯದ ಜೋಗ್ಯೆ ಬೆಟ್ಟ ಹತ್ತುವಾಗ ಜವೆ ಅನ್ನದ ಊಟ ಮಾಡಿದ್ದೆ. ಗೋಸಾರಿ ಪಲ್ಯ ಇತ್ತು. ಜರೀಗಿಡದ ಎಳೆ ಚಿಗುರು ಅದು, ಒಣಗಿಸಿಟ್ಟು ಮತ್ತೆ ನೆನೆಸಿ ಹುರಿಯುತ್ತಾರೆ. ಮಲೆನಾಡಿನವರಿಗೆ ಹೇಳಿಕೊಡಬೇಕಾ?

ಒಂದು ತಮಾಷೆ ವಿಷಯ. ಅಲ್ಲಿಯ ಭಿಕ್ಷುಗಳು ಮಾಂಸದ ಜೊತೆ ಐದು ಘಾಟಿನ ಪದಾರ್ಥಗಳನ್ನೂ ಬಿಡುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಇತ್ಯಾದಿ. ಐದನೆಯದು ಹುಂಗೊ. ಏನಂದುಕೊಂಡಿರಿ? ನಮ್ಮ ಇಂಗು! ಕೊರಿಯಾದ ಅಡುಗೆಮನೆಯಲ್ಲಿ ಇಂಗೇ ಇಲ್ಲ. ಭಾರತದ ಕಡೆಯ ನಿಷೇಧ ಧರ್ಮದ ಜೊತೆ ನಡೆದು ಬಂದು ಅಲ್ಲಿ ಕೂತಿದೆ. ನೀವು ಒಗ್ಗರಣೆಗೆ ಇಂಗು ಹಾಕಿ ಬಡಿಸಿದರೆ ಟೀಚರ್‌ಗಳು ತಿಂದಾರು, ಭಿಕ್ಷುಗಳು ಎದ್ದು ಹೋದಾರು.

ತುಂಗಾತೀರದ ಟೀಚರ್ · ಫೆಬ್ರವರಿ 6

ಸುಬ್ಬಿಯವರು ಹೇಳಿದ ಹಾಗೇ ಇಂಗ್ಲಿಷ್ ಮೇಡಂಗೆ ಹೇಳಿದೆ. ಮಧ್ಯಾಹ್ನದೊಳಗೆ ಸುದ್ದಿ ಗ್ಯೋಗಾಮ್ ಹತ್ತಿರ ಹೋಯ್ತು (ಉಪ ಮುಖ್ಯೋಪಾಧ್ಯಾಯರು). ಸಂಜೆಯೊಳಗೆ ಹೊಸ ಸಂದೇಶ ಬಂತು: ಮೊದಲ ಸುತ್ತು ದೇವಾಲಯದ ದಾರಿಯ ಜವೆ ಅನ್ನದ ಹೋಟೆಲ್, ಎರಡನೇ ಸುತ್ತು ಮೊದಲೇ ಬುಕ್ ಮಾಡಿದ ಹಂದಿಮಾಂಸದ ಹೋಟೆಲ್. ಪಿ.ಟಿ. ಮೇಷ್ಟ್ರು ಕೆಳಗೆ ಅಳುವ ಕರಡಿಯ ಚಿತ್ರ ಹಾಕಿದ್ದಾರೆ. ಸಿಟ್ಟೋ ತಮಾಷೆಯೋ ತಿಳಿಯುತ್ತಿಲ್ಲ.

ಈಗ ಅಡುಗೆ ಬಗ್ಗೆ ಹೇಳಿ. ಇನ್ನೊಂದು ಗೊಂದಲವೂ ಇದೆ. ಒಬ್ಬ ಹುಡುಗನ ತಾಯಿ ನನಗೊಂದು ಸ್ಕಾರ್ಫ್ ಕೊಡಬೇಕು ಅಂತಿದ್ದಾರೆ. ತೆಗೆದುಕೊಳ್ಳಬಹುದಾ?

ಕಾನೂನು ಕಾಮತ್

ಬೇಡ. ಕಿಮ್ ಯಂಗ್-ರಾನ್ ಕಾನೂನು ಕೇಳಿರಬೇಕು. ಕೊರಿಯಾದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯ ಹೆಸರಲ್ಲಿ ಜನ ಕರೆಯುವ ಲಂಚ ವಿರೋಧಿ ಕಾನೂನು, 2016ರ ಸೆಪ್ಟೆಂಬರ್ 28ರಿಂದ ಜಾರಿ. ಶಾಲಾ ಟೀಚರ್‌ಗಳೂ ಅದರಡಿ ಬರುತ್ತಾರೆ. ಬೇರೆಯವರಿಗೆ ಊಟಕ್ಕೆ ಮೊದಲು 30,000 ವೊನ್ ಮಿತಿ ಇತ್ತು, 2024ರ ಆಗಸ್ಟ್‌ನಲ್ಲಿ 50,000 ಮಾಡಿದರು. ಆದರೆ ಮಕ್ಕಳಿಗೆ ಅಂಕ ಕೊಡುವ ಟೀಚರ್ ಪೋಷಕರ ಕೈಯಿಂದ ಒಂದು ಕಾಫಿ ಕುಡಿಯುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ನೀವು ಸಹಾಯಕಿಯೇ ಇರಬಹುದು. ಆದರೂ ಕೈಮುಗಿದು, ಪತ್ರ ಬರೆದುಕೊಡಿ ಸಾಕು ಅನ್ನಿ. ಸಹೋದ್ಯೋಗಿಗಳು ಸಂಘದ ದುಡ್ಡಲ್ಲಿ ಹಾಕುವ ಊಟಕ್ಕೆ ಹೆದರಬೇಕಾಗಿಲ್ಲ.

ಸುವೊನ್ ಸುಬ್ಬಿ

ಅಡುಗೆ: ಕೋಸಂಬರಿ ಮಾಡಿ. ಯೋಚನೆಯೇ ಬೇಡ. ಸಿಪ್ಪೆ ತೆಗೆದ ನೊಕ್ದು ಅಂತ ಮಾರ್ಟಿನಲ್ಲಿ ಸಿಗುತ್ತದೆ, ಅದು ನಮ್ಮ ಹೆಸರುಬೇಳೆಯೇ. ಅವರು ಅದನ್ನು ರುಬ್ಬಿ ದೋಸೆ ಥರ ಬಿಂದೆತೊಕ್ ಹುಯ್ಯುತ್ತಾರೆ. ಹಸಿಯಾಗಿ ನೆನೆಸಿ ತಿನ್ನುವುದನ್ನು ನೋಡಿದರೆ ಬೆರಗಾಗುತ್ತಾರೆ. ಸೌತೆ ಇದೆ, ನಿಂಬೆ ಇದೆ. ಒಂದೇ ಎಚ್ಚರಿಕೆ, ಕೊತ್ತಂಬರಿ ಸೊಪ್ಪು ಹಾಕಬೇಡಿ. ಅದರ ವಾಸನೆ ಬಹಳ ಜನ ಕೊರಿಯನ್ನರಿಗೆ ಸೋಪಿನ ಹಾಗೆ.

ಆಮೇಲೆ ತೊಕ್ ಹಂಚುವುದು ಮರೆಯಬೇಡಿ. ಶಾಲೆ ಬಿಡುವವರು, ಸೇರುವವರು ಸ್ಟಾಫಿಗೆಲ್ಲ ಅಕ್ಕಿಯ ಕಡುಬು ಹಂಚುತ್ತಾರೆ. ಅಂಗಡಿಯದು ತರಬೇಡಿ. ಪೇಟೆಯ ಬಂಗಾತ್‌ಗಾನ್‌ಗೆ ಹೋಗಿ, ನಮ್ಮ ಹಿಟ್ಟಿನ ಗಿರಣಿ ಇದ್ದಂತೆ. ‘ಬನ್ ಮಲ್’ ಅನ್ನಿ. ಒಂದು ಮಲ್ ಅಂದರೆ 8 ಕಿಲೋ ಅಕ್ಕಿ, ನಿಮಗೆ ಅರ್ಧ ಸಾಕು. ಹಿಂದಿನ ದಿನ ಹೇಳಿದರೆ ಬೆಳಿಗ್ಗೆ ಹಬೆಯಾಡುತ್ತ ಡಬ್ಬಿಯಲ್ಲಿ ಕೊಡುತ್ತಾರೆ.

ಹೊಸಬ 92

ಕುಡಿಯದೆ ತಪ್ಪಿಸಿಕೊಳ್ಳುವುದು ಹೇಗೆ? ನಾನು ಮುಂದಿನ ತಿಂಗಳು ಹೋಗುತ್ತಿದ್ದೇನೆ.

ಮಡಿಕೇರಿ ಮೊಣ್ಣಪ್ಪ

‘ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದೇನೆ’ ಅನ್ನಿ, ಹಳೆಯ ನೆಪ, ಎಲ್ಲರಿಗೂ ಗೊತ್ತು, ಆದರೂ ಬಿಡುತ್ತಾರೆ. ಸುಳ್ಳು ಬೇಡ ಅಂದರೆ ಸೋಜು (ಅಲ್ಲಿಯ ಮದ್ಯ) ಲೋಟದಲ್ಲಿ ಸೈದಾ ಹಾಕಿಸಿಕೊಳ್ಳಿ. ಮುಖ್ಯ ಲೋಟ ಎತ್ತುವುದು, ಒಳಗೆ ಏನಿದೆ ಅನ್ನುವುದಲ್ಲ. ಹಿರಿಯರಿಗೆ ನೀವು ಸುರಿಯಿರಿ. ಬಲಗೈಯಲ್ಲಿ ಬಾಟಲಿ, ಎಡಗೈ ಮುಂಗೈಗೆ ಆನಿಸಿ. ನಮ್ಮಲ್ಲಿ ದೊಡ್ಡವರಿಗೆ ಏನಾದರೂ ಕೊಡುವಾಗ ಹಿಡಿಯುತ್ತೇವಲ್ಲ, ಹಾಗೇ. ಕುಡಿಯುವಾಗ ಅವರಿಂದ ಮುಖ ಪಕ್ಕಕ್ಕೆ ತಿರುಗಿಸಿ. ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳಬೇಡಿ. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ತಿಥಿಯ ಅನ್ನಕ್ಕೆ. ಮಿಕ್ಕಿದ್ದು ಅಲ್ಲೇ ಕಲಿಯುತ್ತೀರಿ.

ತುಂಗಾತೀರದ ಟೀಚರ್ · ಫೆಬ್ರವರಿ 16

ಮುಗೀತು. ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಶುಕ್ರವಾರ ಬೆಳಿಗ್ಗೆ ಗಿರಣಿಯಿಂದ ತೊಕ್ ತಂದೆ. ಗಿರಣಿಯಜ್ಜಿ ಎಲ್ಲಿಗೆ ಅಂದರು, ಇಂಡಿಯಾಗೆ ಅಂದೆ. ಒಂದು ಹಿಡಿ ಕೆಂಪು ಅವರೆ ಜಾಸ್ತಿ ಉದುರಿಸಿದರು. ಸ್ಟಾಫ್ ರೂಮಿನಲ್ಲಿ ಮೇಜಿನಿಂದ ಮೇಜಿಗೆ ಹಂಚಿಕೊಂಡು ಹೋದರೆ ನನಗಿಂತ ಮೊದಲೇ ಗಣಿತದ ಮೇಡಂ ಹಂಚಿದ್ದರು! ಪ್ರತಿ ಮೇಜಿನಲ್ಲೂ ಮೂರು ಮೂರು ತೊಕ್. ಆ ದಿನ ಮಧ್ಯಾಹ್ನ ಯಾರೂ ಊಟ ಮಾಡಿದ ಹಾಗೆ ಕಾಣಲಿಲ್ಲ.

ಸಂಜೆ ಹೋಟೆಲ್. ನೆಲ ಬೆಚ್ಚಗೆ, ಹೊರಗೆ ಚಳಿ. ಚಪ್ಪಲಿ ಬಿಟ್ಟು ಉದ್ದ ಸಾಲಾಗಿ ನೆಲದ ಮೇಲೆ ಕೂತೆವು, ಪಂಕ್ತಿಯಲ್ಲಿ ಕೂತ ಹಾಗೇ. ಮುಖ್ಯೋಪಾಧ್ಯಾಯರು ಚಮಚ ಎತ್ತುವವರೆಗೆ ಎಲ್ಲರೂ ಕಾದರು. ಹಿತ್ತಾಳೆಯ ದೊಡ್ಡ ಬಟ್ಟಲಲ್ಲಿ ಜವೆ ಅನ್ನ, ಸುತ್ತ ಹನ್ನೆರಡು ಪಲ್ಯ (ಎಣಿಸಿದೆ), ದೊತೊರಿಮುಕ್ ಅನ್ನುವ ಓಕ್ ಕಾಯಿಯ ಹಾಲುಬಾಯಿ. ಅದನ್ನು ಸ್ಟೀಲ್ ಚಾಪ್‌ಸ್ಟಿಕ್‌ನಲ್ಲಿ ಎತ್ತಲು ಎರಡು ವರ್ಷ ಸಾಲಲಿಲ್ಲ. ಜಾರಿ ಮಡಿಲಿಗೆ ಬಿತ್ತು. ಗ್ಯೋಗಾಮ್ ನೋಡಿಯೂ ನೋಡದ ಹಾಗೆ ಚಮಚ ನನ್ನ ಕಡೆ ಸರಿಸಿದರು.

ಕೋಸಂಬರಿ ಡಬ್ಬಿ ತೆಗೆದೆ. ಹಸಿ ಬೇಳೆ ಅಂತ ಗೊತ್ತಾದಾಗ ಒಂದು ಕ್ಷಣ ಮೌನ. ಆಮೇಲೆ ಪಿ.ಟಿ. ಮೇಷ್ಟ್ರು ಅದನ್ನು ಲೆಟಿಸ್ ಎಲೆಯಲ್ಲಿ ಸುತ್ತಿ, ಮೇಲೆ ಸಮ್‌ಜಾಂಗ್ ಹಚ್ಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡರು. ಕೋಸಂಬರಿಗೆ ಸೋಯಾ ಹುದುಗಿನ ಗೊಜ್ಜು! ನನ್ನ ಅಜ್ಜಿ ನೋಡಿದ್ದರೆ ಸ್ನಾನ ಮಾಡುತ್ತಿದ್ದರು. ಆದರೆ ಚೆನ್ನಾಗಿತ್ತು, ನಾನೂ ತಿಂದೆ.

ನಿಜವಾಗಿ ಹೇಳಬೇಕಾಗಿದ್ದು ಬೇರೆ. ಸಾರು ಬಂದಾಗ, ಹೋಟೆಲ್‌ಗಳಲ್ಲಿ ಮಾಮೂಲಿನಂತೆ, ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ದ್ವೆನ್‌ಜಾಂಗ್ (ಹುದುಗಿಸಿದ ಸೋಯಾ) ಸಾರಿಗೆ ಒಣ ಮ್ಯೊಲ್ಚಿ ಮೀನು ಹಾಕಿ ಕುದಿಸಿರುತ್ತಾರೆ. ಆಗ ಸಾಲಿನ ತುದಿಯಿಂದ ನಮ್ಮ ಶಾಲೆಯ ಅಡುಗೆ ಯೊಸಾನಿಮ್ (ಅಡುಗೆಯಮ್ಮ) ಎದ್ದು ಬಂದರು. ಅವರೂ ಆ ದಿನ ನಿವೃತ್ತಿ, ಐದು ಹೆಸರಿನಲ್ಲಿ ಅವರದೂ ಒಂದು. ನಾನು ಹೆಸರು ಓದಿದ್ದೆ, ಅದು ಅವರದೇ ಅಂತ ತಿಳಿದಿರಲಿಲ್ಲ. ಎರಡು ವರ್ಷ ಅವರನ್ನು ‘ಯೊಸಾನಿಮ್’ ಅಂತಷ್ಟೇ ಕರೆದಿದ್ದೇನೆ. ಬಟ್ಟಲನ್ನು ಮತ್ತೆ ನನ್ನ ಎದುರಿಗೆ ತಂದಿಟ್ಟರು. ‘ತಿನ್ನು, ಅಣಬೆಯದು, ಒಳಗೆ ಹೋಗಿ ಹೇಳಿ ಬಂದಿದ್ದೇನೆ’ ಅಂದರು.

ಆಮೇಲೆ ಇಂಗ್ಲಿಷ್ ಮೇಡಂ ಮೆಲ್ಲಗೆ ಹೇಳಿದರು. ಮೊದಲ ತಿಂಗಳು ನಾನು ದಿನಾ ಸಾರು ಬಿಡುವುದನ್ನು ನೋಡಿದ ಮೇಲೆ, ಆ ಅಮ್ಮ ಪ್ರತಿದಿನ ಮೀನು ಹಾಕುವ ಮುಂಚೆ ಒಂದು ಸೌಟು ಸಾರು ನನಗೆ ಬೇರೆ ಎತ್ತಿಡುತ್ತಿದ್ದರಂತೆ. ನಾನು ‘ಇವತ್ತು ಸಾರು ಸಪ್ಪೆ’ ಅಂದುಕೊಂಡು ಕುಡಿಯುತ್ತಿದ್ದೆ! ಕೆಲವು ದಿನ ಚೆಲ್ಲಿದ್ದೂ ಉಂಟು. ಅವರಿಗೆ ಒಂದು ತೊಕ್ ಸಹ ಪ್ರತ್ಯೇಕವಾಗಿ ಕೊಟ್ಟಿರಲಿಲ್ಲ. ಸ್ಟಾಫ್ ರೂಮಿಗೆ ಮಾತ್ರ ಹಂಚಿದ್ದೆ, ಅಡುಗೆಮನೆ ನೆನಪೇ ಆಗಿರಲಿಲ್ಲ.

ಮಾತಾಡಲು ಹೇಳಿದರು. ‘ಅನ್ಯೊಂಗ್‌ಹಿ ಗ್ಯೆಸೆಯೊ’ ಅನ್ನಬೇಕಿತ್ತು, ಹೋಗುವವರು ಇರುವವರಿಗೆ ಹೇಳುವ ಮಾತು. ಬಾಯಲ್ಲಿ ಬಂದದ್ದು ‘ತಾನ್ಯೊ ಓಗೆಸ್ಸುಮ್ನಿದಾ’. ಅಂದರೆ ಹೋಗಿ ಬರುತ್ತೇನೆ. ಮಕ್ಕಳು ಬೆಳಿಗ್ಗೆ ಶಾಲೆಗೆ ಹೊರಡುವಾಗ ಮನೆಯಲ್ಲಿ ಹೇಳುವುದು ಅದು. ನಮಗೆ ಅಭ್ಯಾಸ ಬಿಡಬೇಕಲ್ಲ, ‘ಹೋಗುತ್ತೇನೆ’ ಅನ್ನಲು ನಾಲಿಗೆ ಬರುವುದಿಲ್ಲ. ಎಲ್ಲರೂ ನಕ್ಕರು. ಯೊಸಾನಿಮ್ ಮಾತ್ರ ನಗದೆ ‘ತಾನ್ಯೊ ಓಸೆಯೊ’ ಅಂದರು. ಹೋಗಿ ಬಾ.

ಎರಡನೇ ಸುತ್ತಿಗೆ ನಾನು ಹೋಗಲಿಲ್ಲ. ಪಿ.ಟಿ. ಮೇಷ್ಟ್ರಿಗೆ ಸಿಟ್ಟು ಇರಲಿಲ್ಲ, ಅಂದ ಹಾಗೆ. ರಾತ್ರಿ ಒಂದು ಗಂಟೆಗೆ ನೊರೆಬಾಂಗ್‌ನಿಂದ (ಕರೋಕೆ ಕೋಣೆ) ಹಾಡು ಕಳಿಸಿದ್ದರು.

ಧಾರವಾಡ ಪೇಡೆ

ಟೀಚರ್, ನನ್ನ ಮಾತು ವಾಪಸ್ ತಗೊಂಡೆ. ಉಂಡು ಹೋಗಿದ್ದರೆ ಆ ಸಾರು ತಪ್ಪುತ್ತಿತ್ತು.

ಯೊಸಾನಿಮ್‌ಗೆ ಆಮೇಲೆ ಏನಾದರೂ ಕೊಟ್ಟಿರಾ?

ತುಂಗಾತೀರದ ಟೀಚರ್

ಶನಿವಾರ ಗಿರಣಿಗೆ ಮತ್ತೆ ಹೋಗಿ ಇನ್ನೊಂದು ಡಬ್ಬಿ ತೊಕ್ ಮಾಡಿಸಿ ಅವರ ಮನೆಗೆ ಒಯ್ದೆ. ಬರಿಗೈಯಲ್ಲಿ ಕಳಿಸಲಿಲ್ಲ. ಸಿಗಡಿ, ಮೀನು ಏನೂ ಹಾಕದೆ ಉಪ್ಪು, ಪೇರ್ ಹಣ್ಣಿನಲ್ಲಿ ಮಾಡಿದ ಕಿಮ್ಚಿ, ಮೂರು ಕಿಲೋ. ಈಗ ಅದೇ ಸಮಸ್ಯೆ! ಎರಡು ವಿಮಾನ ಬದಲಿಸಿ ಬೆಂಗಳೂರು. ಹೇಗೆ ಒಯ್ಯಲಿ?

ಸುವೊನ್ ಸುಬ್ಬಿ

ಕೈಚೀಲದಲ್ಲಿ ಬೇಡವೇ ಬೇಡ. ಇಂಚನ್ ವಿಮಾನ ನಿಲ್ದಾಣದಲ್ಲಿ ಕಿಮ್ಚಿಯನ್ನು ದ್ರವ ಅಂತ ಲೆಕ್ಕ ಹಾಕಿ ತೆಗೆಸುತ್ತಾರೆ. ದೊಡ್ಡ ಪೆಟ್ಟಿಗೆಗೆ ಹಾಕಿ. ಹುದುಗಿ ಗಾಳಿ ಬರುತ್ತದೆ, ಡಬ್ಬಿ ತುಂಬ ತುಂಬಬೇಡಿ. ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಮೂರು ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು. ಹೊರಡುವ ತನಕ ಫ್ರಿಜ್ಜಿನಲ್ಲಿಡಿ. ಸೀರೆಗಳ ಪಕ್ಕ ಇಡಬೇಡಿ, ನನ್ನ ಅನುಭವ.

ತುಂಗಾತೀರದ ಟೀಚರ್ · ಮಾರ್ಚ್ 2

ಬಂದು ತಲುಪಿದೆ. ಒಂದು ಚೀಲ ಉಬ್ಬಿ ದಿಂಬಿನ ಹಾಗಾಗಿತ್ತು, ಒಡೆಯಲಿಲ್ಲ. ತೀರ್ಥಹಳ್ಳಿ ಮನೆಯಲ್ಲಿ ಡಬ್ಬಿ ತೆಗೆದಾಗ ಅಪ್ಪ ಜಗುಲಿಗೆ ಎದ್ದು ಹೋದರು. ಅಮ್ಮ ಒಂದು ಎಲೆ ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. ಆಮೇಲೆ ಕೇಳಿದರು: ‘ಚೆನ್ನಾಗಿದೆ. ಒಗ್ಗರಣೆ ಹಾಕಲು ಮರೆತಿದ್ದಾರಾ?’